ಗುಂಟೆ ಲೆಕ್ಕದಲ್ಲಿ ಭಿನ್ನರಾಶಿ

ಹತ್ತನೇ ಕ್ಲಾಸಿನಲ್ಲಿದ್ದಾಗ ನಾನು ನನ್ನ ಕ್ಲಾಸಿನವರಿಗೇ ಲೆಕ್ಕ ಹೇಳಿಕೊಡುತ್ತಿದ್ದೆ. ನಮ್ಮದು ಪಾಂಡವಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಟ್ಯೂಷನ್ ಬೇಕು ಅಂದರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು, ಸಂಜೆ ಆದರೆ ದನಕ್ಕೆ ಹುಲ್ಲು ಕುಯ್ದು ತರಬೇಕಾದ ಹುಡುಗರಿಗೆ ಅದೆಲ್ಲಿ ಆಗುತ್ತೆ? ಶಾಲೆ ಬಿಟ್ಟ ಮೇಲೆ ಜಗಲಿಯಲ್ಲೇ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಸೀಮೆಸುಣ್ಣದ ತುಂಡು, ಸಿಮೆಂಟಿನ ನೆಲ, ಅಷ್ಟೇ.

ಇದರಿಂದ ನಿನಗೇನು ಸಿಕ್ತು ಅಂತ ಜನ ಕೇಳುತ್ತಾರೆ. ಒಬ್ಬ ಹುಡುಗನ ಕತೆ ಹೇಳಿದರೆ ಗೊತ್ತಾಗುತ್ತೆ.

ಅವರ ಮನೆಯದು ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಜಮೀನು. ಅವನಿಗೆ ವರ್ಗಸಮೀಕರಣ ಬರುತ್ತಿರಲಿಲ್ಲ. ಎರಡು ಮೂರು ಲೆಕ್ಕ ಮಾಡಿಸಿ ನೋಡಿದೆ, ಸೂತ್ರ ಸರಿಯಾಗೇ ಬರೆಯುತ್ತಾನೆ, ಭಿನ್ನರಾಶಿ ಬಂದ ಕಡೆ ಹಳಿ ತಪ್ಪುತ್ತಾನೆ. 1/4 ಮತ್ತು 1/5 ಕೂಡು ಅಂದರೆ ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಸೇರಿಸಿ 2/9 ಅಂತ ಬರೆದ. ಅಂದರೆ ತೊಡಕು ಇದ್ದದ್ದು ಹತ್ತನೇ ಕ್ಲಾಸಿನ ಪಾಠದಲ್ಲಲ್ಲ, ಪ್ರೈಮರಿಯಲ್ಲಿ. ಲ.ಸಾ.ಅ., ಅಂದರೆ ಎಲ್ಲ ಛೇದಗಳಿಂದಲೂ ಶೇಷ ಇಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಅಂತ ಶುರು ಮಾಡಿದರೆ ಆಕಳಿಸುತ್ತಿದ್ದ.

ಆದರೆ ಅದೇ ಹುಡುಗ ಎಕರೆ ಗುಂಟೆ ಲೆಕ್ಕದಲ್ಲಿ ಭಾರೀ ಚುರುಕು. ಕಾಲೆಕರೆ ಎಷ್ಟು ಗುಂಟೆ ಅಂದೆ, ಹತ್ತು ಅಂದ. ಎಕರೆಯಲ್ಲಿ ಐದನೇ ಒಂದು ಭಾಗ? ಎಂಟು. ಎರಡೂ ಸೇರಿದರೆ? ಹದಿನೆಂಟು. ಎಕರೆಗೆ 40 ಗುಂಟೆ, ಹಾಗಾದರೆ 18/40, ಅದನ್ನೇ ಚಿಕ್ಕದು ಮಾಡಿದರೆ 9/20. ಈಗ ನಿನ್ನ 2/9 ನೋಡು, ಅದು ಒಂಬತ್ತು ಗುಂಟೆಯೂ ಆಗಲ್ಲ, ಕಾಲೆಕರೆಗೇ ಹತ್ತು ಗುಂಟೆ ಇತ್ತಲ್ಲ, ಇನ್ನೊಂದು ತುಂಡು ಸೇರಿಸಿದ ಮೇಲೆ ಜಮೀನು ಕಮ್ಮಿ ಹೇಗಾಯ್ತು ಅಂದೆ. ಅವನು ನೆಲ ನೋಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವನ್ಲಾ ಒತ್ತುವರಿ ಮಾಡ್ಕಂಡೋನು?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಅವನೇ 1/8 ಅಂದರೆ ಐದು ಗುಂಟೆ, 3/8 ಅಂದರೆ ಹದಿನೈದು ಅಂತ ಲೆಕ್ಕ ಹಾಕಿಕೊಂಡು ಕೂತ. 1/3 ಕೊಟ್ಟಾಗ ಗುಂಟೆ ಸಮ ಬರಲಿಲ್ಲ. ಆಗ 120 ಗುಂಟೆ, ಅಂದರೆ ಮೂರು ಎಕರೆ ಇಟ್ಟುಕೊಂಡರೆ ಆಗುತ್ತಲ್ವಾ ಅಂತ ತಾನೇ ಹೇಳಿದ. ಎಲ್ಲ ಛೇದಗಳಿಗೂ ಒಪ್ಪುವ ಒಂದು ಸಂಖ್ಯೆ ಬೇಕು ಅನ್ನುವುದು ಅವನಿಗೆ ಹೊಳೆದದ್ದು ಅಲ್ಲಿ. ಎದುರಿಗೆ ಕೂತವನ ತಲೆಯೊಳಗೆ ಲೆಕ್ಕ ತೆರೆದುಕೊಳ್ಳುವುದನ್ನು ಅಷ್ಟು ಹತ್ತಿರದಿಂದ ನೋಡೋ ಖುಷಿ ಇದೆಯಲ್ಲ, ನನಗೆ ಬಂದ ಯಾವ ನಂಬರಿನಲ್ಲೂ ಅದು ಸಿಗಲಿಲ್ಲ.

ಇನ್ನೊಂದು ಲಾಭ ಸ್ವಾರ್ಥದ್ದು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತೆ ಅನ್ನೋ ಥೇಲ್ಸನ ಪ್ರಮೇಯ, ಅದರ ಸಾಧನೆ ಸಮೇತ, ನನಗೆ ಬಾಯಿಪಾಠ. ಒಬ್ಬ ಹುಡುಗಿ, "ಆ ಲಂಬ ಯಾಕೆ ಎಳೀಬೇಕು? ಎಳೀದೇ ಇದ್ರೆ ಏನಾಗುತ್ತೆ?" ಅಂದಳು. ಮೇಷ್ಟ್ರು ಎಳೆದರು, ನಾವೂ ಎಳೆದೆವು, ಅಷ್ಟೇ ಗೊತ್ತಿದ್ದದ್ದು. ಮನೆಗೆ ಹೋಗಿ ಯೋಚನೆ ಮಾಡಿದೆ. ಎರಡು ತ್ರಿಭುಜಗಳಿಗೆ ಎತ್ತರ ಒಂದೇ ಆದರೆ ಅವುಗಳ ವಿಸ್ತೀರ್ಣ ಪಾದದ ಅನುಪಾತದಲ್ಲೇ ಇರುತ್ತೆ, ಆ ಎತ್ತರ ತೋರಿಸೋಕೆ ಲಂಬ. ಇಷ್ಟೇ. ಆದರೆ ಅವತ್ತಿನಿಂದ ಆ ಪ್ರಮೇಯ ನಾನು ನೆನಪಿಟ್ಟುಕೊಳ್ಳಲೇ ಇಲ್ಲ, ಬೇಕಾದಾಗ ಕಟ್ಟಿಕೊಳ್ಳುತ್ತೇನೆ.

ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸೋದು ನಮ್ಮ ಹಳೇ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲೂ ಇತ್ತು. ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಇದೇ ಥರದ್ದನ್ನು ಮದ್ರಾಸಿನ ಅನಾಥ ಮಕ್ಕಳ ಶಾಲೆಯಲ್ಲಿ ನಡೆಸಿ, 1797ರಲ್ಲಿ ಇಂಗ್ಲೆಂಡಿನವರಿಗೆ ಬರೆದು ತಿಳಿಸಿದ.

ಮನೆಯಲ್ಲಿ ಅಮ್ಮನಿಗೆ ಮಾತ್ರ ದಿಗಿಲು, ಊರೋರ ಮಕ್ಕಳನ್ನ ಉದ್ಧಾರ ಮಾಡ್ತಾ ನೀನು ಹಿಂದೆ ಬೀಳ್ತೀಯ ಅಂತ. ಅದಕ್ಕೆ ಒಂದು ಗೆರೆ ಹಾಕಿಕೊಂಡೆ. ಲೆಕ್ಕ ಒಂದೇ, ಬೇರೆ ವಿಷಯ ಇಲ್ಲ. ಹೋಮ್‌ವರ್ಕ್ ನೋಡಿ ಬರ್ಕೊಳ್ತೀನಿ ಅಂದವರಿಗೆ ನೋಟ್‌ಬುಕ್ ಕೊಡುತ್ತಿರಲಿಲ್ಲ. ಇದಕ್ಕೆ ಇಬ್ಬರು ಮುನಿಸಿಕೊಂಡರು, ಒಬ್ಬ ಇನ್ನೂ ಮಾತಾಡಲ್ಲ. ಹೋಗಲಿ. ನಾಲ್ಕು ಜನಕ್ಕಿಂತ ಜಾಸ್ತಿ ಸೇರಿದರೆ ಮತ್ತೆ ಕ್ಲಾಸೇ ಆಗಿಬಿಡುತ್ತೆ, ಗೊತ್ತಿಲ್ಲ ಅನ್ನೋಕೆ ಆಗ ನಾಚಿಕೆ. ಸೀಮೆಸುಣ್ಣ ಯಾವಾಗಲೂ ಕಲಿಯುವವನ ಕೈಯಲ್ಲೇ ಇರಬೇಕು.

ಪಿಯುಸಿಗೆ ಮೈಸೂರಿಗೆ ಬಂದಾಗ ಎಲ್ಲ ಇಂಗ್ಲಿಷಿನಲ್ಲಿ, ಮೊದಲ ತಿಂಗಳು ತಲೆಬುಡ ತಿಳಿಯಲಿಲ್ಲ. ಆದರೆ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ ಅಂತ ಹುಡುಕೋ ಚಾಳಿ ಜಗಲಿಯಲ್ಲೇ ಅಂಟಿತ್ತು, ಕೇಳೋಕೆ ಸಂಕೋಚವೂ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಪಕ್ಕದ ರೂಮಿನವನನ್ನು ಹಿಡಿದು ಕೂರಿಸಿಕೊಂಡು ಕೇಳುತ್ತಿದ್ದೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೇ, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಹೇಗೋ ನಡೀತು. ಕಬ್ಬಿನ ಗದ್ದೆಯ ಹುಡುಗ ಲೆಕ್ಕದಲ್ಲಿ ಪಾಸಾಗಿ ಐಟಿಐ ಸೇರಿದ. ಫಲಿತಾಂಶ ಬಂದ ವಾರ ಅವರ ಮನೆಯಲ್ಲಿ ನಮಗೆಲ್ಲ ನಾಟಿ ಕೋಳಿ ಸಾರು, ಮುದ್ದೆ.