ಮನೆಯಲ್ಲೇ ಪ್ಲೇಟು ಕೆತ್ತುವ ಯಂತ್ರ: ರೆಕಾರ್ಡಿಯೋ ರಿಪೇರಿಯಲ್ಲಿ ನನ್ನ ಅನುಭವ

ಟೇಪ್ ರೆಕಾರ್ಡರ್ ಮನೆಮನೆಗೆ ಬರುವ ಮೊದಲು, 1940ರ ದಶಕದಲ್ಲಿ, ಅಮೆರಿಕದ ಎಷ್ಟೋ ಮನೆಗಳಲ್ಲಿ ಮಾತನ್ನೂ ಹಾಡನ್ನೂ ನೇರವಾಗಿ ಪ್ಲೇಟಿನ ಮೇಲೆ ಕೆತ್ತುತ್ತಿದ್ದರು. ಅಂಥ ಯಂತ್ರಗಳಲ್ಲಿ ಇವತ್ತಿಗೂ ಸುಲಭವಾಗಿ ಸಿಗುವುದು ಮಿಷಿಗನ್ ರಾಜ್ಯದ ಶಾರ್ಲಟ್ ಊರಿನ ವಿಲ್ಕಾಕ್ಸ್-ಗೇ ಕಂಪನಿಯ ರೆಕಾರ್ಡಿಯೋ. ಕೈಯಲ್ಲಿ ಹಿಡಿದು ಒಯ್ಯುವ ಪೆಟ್ಟಿಗೆಯೂ ಉಂಟು, ರೇಡಿಯೋ ಸೇರಿಸಿದ ದೊಡ್ಡ ಕನ್ಸೋಲೂ ಉಂಟು. ತಿರುಗುವ ಚಕ್ರ ಒಂದೇ, ತೋಳು ಎರಡು: ಕೆತ್ತುವುದಕ್ಕೊಂದು, ನುಡಿಸುವುದಕ್ಕೊಂದು.

ಯಂತ್ರದ ಜೊತೆ ಹಳೆಯ ಪ್ಲೇಟುಗಳು ಬಂದಿದ್ದರೆ ನನ್ನ ಮೊದಲ ಕೆಲಸ ಅವುಗಳದ್ದು. ಯಂತ್ರ ಇನ್ನೊಂದು ಸಿಗುತ್ತದೆ. ಯಾರದೋ ಅಜ್ಜಿಯ ದನಿ ಇರುವ ಪ್ಲೇಟು ಜಗತ್ತಿನಲ್ಲಿ ಅದೊಂದೇ. ಇವುಗಳನ್ನು ಲ್ಯಾಕರ್ ಪ್ಲೇಟು ಅನ್ನುತ್ತಾರಾದರೂ ನಮ್ಮ ಕಡೆಯ ಹಳೆಯ 78ರ ಪ್ಲೇಟುಗಳ ಹಾಗೆ ಅರಗಿನವಲ್ಲ. ಅಲ್ಯೂಮಿನಿಯಂ, ಗಾಜು ಅಥವಾ ರಟ್ಟಿನ ತಟ್ಟೆಗೆ ನೈಟ್ರೋಸೆಲ್ಯುಲೋಸ್ ಬಳಿದಿರುತ್ತಾರೆ, ಅದು ಮೆತ್ತಗಿರಲೆಂದು ಹರಳೆಣ್ಣೆ ಬೆರೆಸಿರುತ್ತಾರೆ. ವರ್ಷ ಕಳೆದಂತೆ ಆ ಎಣ್ಣೆ ಒಡೆದು ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಬೂಷ್ಟು ಅಂದುಕೊಂಡು ಉಜ್ಜಬೇಡಿ, ಅದು ಪಾಮಿಟಿಕ್ ಆಮ್ಲ. ಲೋಹದ ತಟ್ಟೆಯಾದರೆ ಡಿಸ್ಟಿಲ್ಡ್ ವಾಟರ್‌ಗೆ ಫೋಟೋ ತೊಳೆಯುವ ವೆಟಿಂಗ್ ಏಜೆಂಟ್ ಎರಡು ಹನಿ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಸಾಲಿನ ಗುಂಟ ಸುತ್ತಿ ತೆಗೆಯುತ್ತೇನೆ. ರಟ್ಟಿನದಾದರೆ ಹಿಂಡಿದ ಬಟ್ಟೆ ಮಾತ್ರ. ನೀರು ಅಂಚಿನಿಂದ ಒಳಗೆ ಹೋದರೆ ರಟ್ಟು ಉಬ್ಬಿ ಲೇಪ ಸೀಳಿಬಿಡುತ್ತದೆ. ಸ್ಪಿರಿಟ್, ಅಸಿಟೋನ್ ಹತ್ತಿರವೂ ತರಬಾರದು, ಲೇಪವೇ ಕರಗುತ್ತದೆ. ಇಂಥ ಪ್ಲೇಟನ್ನು ರೆಕಾರ್ಡಿಯೋದ ಭಾರದ ತೋಳಿನಲ್ಲಿ ನುಡಿಸದೆ, ಈಗಿನ ಹಗುರ ತೋಳಿನಲ್ಲಿ 3 ಮಿಲ್ (ಅಂಗುಲದ ಸಾವಿರದಲ್ಲಿ ಮೂರು ಪಾಲು) ಮುಳ್ಳು ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಮೊದಲ ಸಲ ನುಡಿಸುವಾಗಲೇ ಇಳಿಸಿಕೊಳ್ಳಬೇಕು, ಎರಡನೇ ಸಲಕ್ಕೆ ಲೇಪ ಉದುರಿರಬಹುದು.

ಯಂತ್ರಕ್ಕೆ ಬಂದರೆ, ಹೆಚ್ಚಿನವರು ಆಂಪ್ಲಿಫೈಯರ್ ಬಿಚ್ಚುವುದರಿಂದ ಶುರು ಮಾಡುತ್ತಾರೆ. ನಾನು ಚಕ್ರದಿಂದ ಶುರು ಮಾಡುತ್ತೇನೆ. ಬರೀ ನುಡಿಸುವ ಯಂತ್ರದಲ್ಲಿ ಚಕ್ರ ಓಲಾಡಿದರೆ ನಾಳೆ ಸರಿಮಾಡಬಹುದು. ಕೆತ್ತುವ ಯಂತ್ರದಲ್ಲಿ ಆ ಓಲಾಟ ಪ್ಲೇಟಿನೊಳಗೇ ಇಳಿದು ಶಾಶ್ವತವಾಗುತ್ತದೆ.

ಮೋಟರ್ ಶಾಫ್ಟು ಒಂದು ರಬ್ಬರ್ ಗಾಲಿಯನ್ನು, ಆ ಗಾಲಿ ಚಕ್ರದ ಒಳಅಂಚನ್ನು ತಿರುಗಿಸುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಒತ್ತಿ ನಿಂತ ರಬ್ಬರ್‌ನಲ್ಲಿ ತಗ್ಗು ಬಿದ್ದಿರುತ್ತದೆ. ತಗ್ಗು ಎಲ್ಲಿದೆ ಎಂದು ಕಿವಿಯಲ್ಲೇ ಹೇಳಬಹುದು: ಒಳಅಂಚು 9 ಅಂಗುಲ, ಗಾಲಿ ಎರಡೂಕಾಲು ಅಂಗುಲ ಇದ್ದರೆ ಚಕ್ರದ ಒಂದು ಸುತ್ತಿಗೆ ಗಾಲಿ ನಾಲ್ಕು ಸುತ್ತು, ಅಂದರೆ ಸೆಕೆಂಡಿಗೆ ಐದು ಸಲಕ್ಕಿಂತ ತುಸು ಹೆಚ್ಚು ಧಡ್ ಧಡ್. ಅದಕ್ಕಿಂತ ನಿಧಾನಕ್ಕೆ, ಸೆಕೆಂಡಿಗೆ ಒಂದೂಕಾಲು ಸಲದಂತೆ ಬಂದರೆ ದೋಷ ಚಕ್ರದ್ದು ಅಥವಾ ನಡುಗೂಟದ್ದು. ತಗ್ಗು ಚಿಕ್ಕದಾದರೆ ಗಾಲಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ 220 ನಂಬರಿನ ಉಜ್ಜುಕಾಗದದಲ್ಲಿ ದುಂಡಗೆ ಮಾಡುತ್ತೇನೆ. ಗಾಲಿ ಸವೆದು ಸಣ್ಣದಾದರೆ ವೇಗ ಬದಲಾಗುತ್ತದೆಂಬ ಹೆದರಿಕೆ ಬೇಡ. ವೇಗ ನಿರ್ಧಾರವಾಗುವುದು ಶಾಫ್ಟಿನ ದಪ್ಪ ಮತ್ತು ಒಳಅಂಚಿನ ಅಳತೆಯಿಂದ. ಗಾಲಿ ನಡುವಿನ ದಲ್ಲಾಳಿ ಅಷ್ಟೆ. ಉಗುರು ಒತ್ತಿದರೆ ಗುರುತು ಬೀಳದಷ್ಟು ರಬ್ಬರ್ ಕಲ್ಲಾಗಿದ್ದರೆ ಮಾತ್ರ ಹೊಸ ರಬ್ಬರ್ ಹಾಕಿಸಬೇಕು. ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮೋಟರಿನ ಬುಷ್‌ಗಳಿಗೆ ಎಸ್‌ಎಇ 20 ಎಣ್ಣೆ ಎರಡೆರಡು ಹನಿ. ಗಾಲಿ ಓಡುವ ಜಾಗಕ್ಕೆ ಎಣ್ಣೆಯ ಕೈ ತಾಗಕೂಡದು. ಅಲ್ಲಿ ಐಸೋಪ್ರೊಪೈಲ್ ಸ್ಪಿರಿಟ್‌ನಿಂದ ಒರೆಸುತ್ತೇನೆ.

ವೇಗ ನೋಡಲು ಸ್ಟ್ರೋಬ್ ತಟ್ಟೆ, ಅಂದರೆ ಸುತ್ತ ಗೆರೆ ಎಳೆದ ತಟ್ಟೆ, ಬೇಕು. ಅಮೆರಿಕದ 60 ಹರ್ಟ್ಸ್ ಕರೆಂಟಿನಲ್ಲಿ 92 ಗೆರೆ ನಿಂತಂತೆ ಕಂಡರೆ ನಿಮಿಷಕ್ಕೆ 78.26 ಸುತ್ತು, 78ರ ವೇಗ ಸರಿಯಿದೆ. ಎಷ್ಟೋ ಎಲ್‌ಇಡಿ ಬಲ್ಬುಗಳ ಬೆಳಕು ಮಿನುಗುವುದಿಲ್ಲ, ಗೆರೆ ಕಾಣುವುದೇ ಇಲ್ಲ. ನಿಯಾನ್ ಬಲ್ಬು ಹಿಡಿಯಿರಿ. ಬರೀ ಚಕ್ರ ತಿರುಗಿಸಿ ನೋಡಿದರೆ ಸಾಲದು, ಕೆತ್ತುವ ಮುಳ್ಳು ಪ್ಲೇಟಿನ ಹೊರಅಂಚಿನಲ್ಲಿ ಉಳುತ್ತಿರುವಾಗ ನೋಡಬೇಕು. ಅಲ್ಲಿ ಎಳೆತ ಅತಿ ಹೆಚ್ಚು. ಅಲ್ಲಿ ಗೆರೆ ಹಿಂದೆ ಸರಿದರೆ ಗಾಲಿ ಜಾರುತ್ತಿದೆ ಎಂದರ್ಥ.

ಇದೇ ಯಂತ್ರವನ್ನು ಬೆಂಗಳೂರಿಗೋ ಧಾರವಾಡಕ್ಕೋ ಒಯ್ದು 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಕೆಲಸ ಮುಗಿಯಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಚಕ್ರ 65 ಸುತ್ತಿಗೆ ಇಳಿಯುತ್ತದೆ. ಮೋಟರ್ ಶಾಫ್ಟಿಗೆ 1.2 ಪಟ್ಟು ವ್ಯಾಸ ಬರುವಂತೆ ಹಿತ್ತಾಳೆಯ ಕೊಳವೆ (ಸ್ಲೀವ್) ಕಡೆಸಿ ಕೂರಿಸಬೇಕು. ಆಮೇಲೆ 77 ಗೆರೆಯ ಸ್ಟ್ರೋಬ್ ತಟ್ಟೆ ಬಳಸಬೇಕು, 92ರದ್ದು ಅಲ್ಲಿ ತಪ್ಪು ಹೇಳುತ್ತದೆ. 60 ಹರ್ಟ್ಸಿಗೆ ಸುತ್ತಿದ ಮೋಟರೂ ಪವರ್ ಟ್ರಾನ್ಸ್‌ಫಾರ್ಮರೂ 50ರಲ್ಲಿ ಹೆಚ್ಚು ಬಿಸಿಯಾಗುತ್ತವೆ, ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡುತ್ತಿರಿ.

ಇನ್ನು ವಿದ್ಯುತ್ತಿನ ಕೆಲಸ. ಹಳೆಯ ಸೆಟ್ಟನ್ನು ಎಂದೂ ನೇರವಾಗಿ ಪ್ಲಗ್ಗಿಗೆ ಹಾಕುವುದಿಲ್ಲ. 60 ವಾಟಿನ ತಂತಿಬಲ್ಬನ್ನು ಸರಣಿಯಲ್ಲಿ ಕಟ್ಟಿ ಕೊಡುತ್ತೇನೆ. ಬಲ್ಬು ಝಗ್ಗನೆ ಉರಿದು ಹಾಗೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ. ಮೇಣದ ಕಾಗದದ ಕೆಪಾಸಿಟರುಗಳನ್ನು ಪರೀಕ್ಷೆ ಮಾಡುತ್ತ ಕೂರುವುದು ದಂಡ, ಎಲ್ಲವನ್ನೂ 630 ವೋಲ್ಟಿನ ಫಿಲ್ಮ್ ಕೆಪಾಸಿಟರಿಗೆ ಬದಲಿಸುತ್ತೇನೆ. ಫಿಲ್ಟರ್ ಎಲೆಕ್ಟ್ರೊಲಿಟಿಕ್ 20 ಮೈಕ್ರೋಫ್ಯಾರಡ್ ಇದ್ದಲ್ಲಿ 22 ಹಾಕಿ. ಹಮ್ (ಗುಂಯ್ ಸದ್ದು) ಕಡಿಮೆಯಾಗಲೆಂದು 100 ಹಾಕಿದರೆ, ಎಸಿಯನ್ನು ಡಿಸಿ ಮಾಡುವ 5ವೈ3 ರೆಕ್ಟಿಫೈಯರ್ ವಾಲ್ವ್ ಬೇಗ ಸಾಯುತ್ತದೆ. ಔಟ್‌ಪುಟ್ 6ವಿ6 ವಾಲ್ವಿನ ಗ್ರಿಡ್ಡಿಗೆ ಹೋಗುವ 0.01 ಅಥವಾ 0.02 ಮೈಕ್ರೋಫ್ಯಾರಡಿನ ಕೆಪಾಸಿಟರ್ ಎಲ್ಲಕ್ಕಿಂತ ಮುಖ್ಯ. ಅದು ಸೋರಿದರೆ ಗ್ರಿಡ್ಡಿಗೆ ಧನ ವೋಲ್ಟೇಜು ಬಂದು ವಾಲ್ವಿನ ತಟ್ಟೆ (ಆನೋಡ್) ಕೆಂಪಾಗಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ತಟ್ಟೆಯಲ್ಲಿ 250 ವೋಲ್ಟ್ ಇದ್ದಾಗ 6ವಿ6ರ ಕ್ಯಾಥೋಡಿನಲ್ಲಿ 12.5 ವೋಲ್ಟಿನ ಸುತ್ತಮುತ್ತ ಬರಬೇಕು. 18, 20 ಬಂದರೆ ಕೂಡಲೇ ಆರಿಸಿ.

ಕನ್ಸೋಲಿನಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಆ ಕಾಲದ ಸ್ಪೀಕರಿನ ಹಿಂದೆ ಅಯಸ್ಕಾಂತದ ಬದಲು ಫೀಲ್ಡ್ ಕಾಯಿಲ್ ಎಂಬ ತಂತಿಸುರುಳಿ ಇರುತ್ತದೆ, ಅದೇ ಪವರ್ ಸಪ್ಲೈನ ಹಮ್ ತಡೆಯುವ ಚೋಕ್ ಕೂಡ. ಸ್ಪೀಕರ್ ಹಾಳಾಗಿದೆಯೆಂದು ಈಗಿನ ಸ್ಪೀಕರ್ ಹಾಕಿದರೆ ಆ ಜಾಗಕ್ಕೆ ಅಷ್ಟೇ ಓಮಿನ ರೆಸಿಸ್ಟರ್ ಅಥವಾ ಚೋಕ್ ಕೊಡಬೇಕು: 1000 ಓಮಿನಲ್ಲಿ 60 ಮಿಲಿಆಂಪ್ ಹರಿದರೆ 3.6 ವಾಟ್ ಬಿಸಿ, ಅದಕ್ಕೆ 10 ವಾಟಿನದು ಹಾಕುತ್ತೇನೆ.

ಎಲ್ಲರೂ ಸೋಲುವ ಜಾಗ ಕೆತ್ತುವ ಹೆಡ್. ಒಳಗಿರುವುದು ರೋಶೆಲ್ ಉಪ್ಪಿನ ಹರಳು. ವೋಲ್ಟೇಜ್ ಕೊಟ್ಟರೆ ತಿರುಚಿಕೊಂಡು ಮುಳ್ಳನ್ನು ಅಲ್ಲಾಡಿಸುತ್ತದೆ. ಉಪ್ಪೇ ಆದ್ದರಿಂದ ತೇವ ಕುಡಿದು ನೀರೂರುತ್ತದೆ, ತೀರ ಒಣಗಿದರೆ ಪುಡಿಯಾಗುತ್ತದೆ, 55 ಡಿಗ್ರಿ ದಾಟಿದರೆ ಅಳಿದೇ ಹೋಗುತ್ತದೆ. ಹೆಡ್ಡಿನ ತುದಿಗೆ ಬೆಸುಗೆ ಹಾಕಿ ಒಳ್ಳೆಯ ಹರಳನ್ನು ಕೊಂದವರು ಎಷ್ಟೋ ಮಂದಿ; ಸಿಕ್ಕಿಸುವ ಕ್ಲಿಪ್ಪನ್ನು ಬೇರೆ ಇಟ್ಟು ಬೆಸೆದು ಆಮೇಲೆ ತೊಡಿಸಿ. ಪರೀಕ್ಷೆ ಸುಲಭ: 1000 ಹರ್ಟ್ಸಿನ 30 ವೋಲ್ಟ್ ಕೊಟ್ಟು ಮುಳ್ಳಿನ ತುದಿಗೆ ಉಗುರು ತಾಗಿಸಿ. ಜೀವ ಇದ್ದರೆ ಉಗುರು ಜುಮ್ಮೆನ್ನುತ್ತದೆ, ಕೀಂ ಎಂಬ ಸದ್ದೂ ಕೇಳುತ್ತದೆ. ಹೆಡ್ಡಿಗೆ ಸಿಗ್ನಲ್ ತರುವ ಕೆಪಾಸಿಟರನ್ನು ಇದಕ್ಕೂ ಮೊದಲೇ ಬದಲಿಸಿರಬೇಕು. ಅದು ಸೋರಿದರೆ ಇನ್ನೂರು ವೋಲ್ಟ್ ಡಿಸಿ ಹರಳಿನ ಮೇಲೆ ಕೂರುತ್ತದೆ.

ಹರಳು ಸತ್ತಿದ್ದರೆ ಅದೇ ಅಳತೆಯ ಪೀಜೋ ಸೆರಾಮಿಕ್ ಪಟ್ಟಿ ಕೂರಿಸುತ್ತೇನೆ. ಅದಕ್ಕೆ ತೇವದ ಭಯವಿಲ್ಲ, ಆದರೆ ಅಷ್ಟೇ ವೋಲ್ಟಿಗೆ ಕಡಿಮೆ ಅಲುಗುತ್ತದೆ, ಪ್ಲೇಟಿನಲ್ಲಿ ದನಿ ಸಣ್ಣಗಾಗುತ್ತದೆ. ಪಟ್ಟಿಯಲ್ಲಿ ಸೀಸವಿದೆ, ಕೊಯ್ಯಬೇಕಾದರೆ ಒದ್ದೆ ಮಾಡಿ, ಮುಖಗವಸು ಹಾಕಿಕೊಂಡು ಕೊಯ್ಯಿರಿ. ಹಿಡಿದಿಡುವ ರಬ್ಬರ್ ಮೆತ್ತೆಗಳನ್ನು ಹೇಗೂ ಹೊಸದಾಗಿ ಕತ್ತರಿಸಬೇಕು, ಹಳೆಯವು ಬೆಲ್ಲದಂತೆ ಅಂಟಾಗಿರುತ್ತವೆ ಇಲ್ಲವೇ ಕಲ್ಲಾಗಿರುತ್ತವೆ.

ಕೆತ್ತನೆಯ ಲೆಕ್ಕ ಇದು. ಕೆತ್ತುವ ತೋಳನ್ನು ಅಡ್ಡಕ್ಕೆ ಸರಿಸುವ ಉದ್ದ ತಿರುಪು, ಅಂದರೆ ಲೀಡ್‌ಸ್ಕ್ರೂ, ಅಂಗುಲಕ್ಕೆ 112 ಸಾಲಿನದಾದರೆ ಸಾಲಿನಿಂದ ಸಾಲಿಗೆ 0.0089 ಅಂಗುಲ. ಅದರಲ್ಲಿ ಆರು ಪಾಲು ಸಾಲು, ನಾಲ್ಕು ಪಾಲು ಬದು ಇರಬೇಕು. ಹತ್ತು ಅಂಗುಲದ ಪ್ಲೇಟಿನಲ್ಲಿ ಎರಡೂವರೆ ಅಂಗುಲ ಅಗಲ ಉತ್ತರೆ 280 ಸುತ್ತು, ಮೂರೂವರೆ ನಿಮಿಷದ ಹಾಡು. ಮೊದಲು ಶಬ್ದವಿಲ್ಲದೆ ಹತ್ತು ಸುತ್ತು ಕೆತ್ತಿ, ಯುಎಸ್‌ಬಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಬದು ದಪ್ಪವಾಗಿದ್ದರೆ ಆಳ ಸಾಲದು, ನುಡಿಸುವಾಗ ಮುಳ್ಳು ಜಾರುತ್ತದೆ. ಬದು ಕೂದಲಿನಷ್ಟಾಗಿದ್ದರೆ ಜೋರು ದನಿ ಬಂದಾಗ ಪಕ್ಕದ ಸಾಲಿಗೆ ಒಡೆಯುತ್ತದೆ. ತೋಳಿನ ಸ್ಪ್ರಿಂಗ್ ತಿರುಪನ್ನು ಕಾಲು ಸುತ್ತಿನಂತೆ ತಿರುಗಿಸಿ ಸರಿಮಾಡಬೇಕು. ಸಾಲುಗಳೇ ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ದೂರ ಬಿದ್ದರೆ ಆಳದ ತಪ್ಪಲ್ಲ, ಲೀಡ್‌ಸ್ಕ್ರೂ ಹಲ್ಲಿನಲ್ಲಿ ಕೊಳೆ ಇದೆ ಅಥವಾ ಅದನ್ನು ಕಚ್ಚುವ ಅರೆನಟ್ ಸವೆದಿದೆ.

ಮುಳ್ಳಿನ ಚಪ್ಪಟೆ ಮುಖ ಪ್ಲೇಟಿಗೆ ಲಂಬವಾಗಿ, ಸಾಲಿಗೆ ಎದುರಾಗಿ ನಿಲ್ಲಬೇಕು. ಚಿರ್ ಎಂದು ಕಿರುಚಿದರೆ ಒಂದೆರಡು ಡಿಗ್ರಿ ಹಿಂದಕ್ಕೆ ವಾಲಿಸಿ. ಏಳುವ ಎಳೆಯೇ ಎಲ್ಲ ಹೇಳುತ್ತದೆ: ಕಡಿಯದೆ ಉದ್ದ ಕೂದಲಿನ ಹಾಗೆ ಸುರುಳಿ ಬಂದು, ಸಾಲು ಕನ್ನಡಿಯಂತೆ ಹೊಳೆದರೆ ಮುಳ್ಳು ಹರಿತವಾಗಿದೆ. ಸಾಲು ಬೂದು ಬಣ್ಣಕ್ಕೆ ತಿರುಗಿ, ಎಳೆ ಪುಡಿಪುಡಿಯಾದರೆ ಮುಳ್ಳು ಮೊಂಡು ಅಥವಾ ಪ್ಲೇಟಿನ ಎಣ್ಣೆ ಆರಿದೆ. ನುಡಿಸಿದರೆ ಬರೀ ಸುಯ್ ಸುಯ್. ಒಳಗಿನಿಂದ ಹೊರಕ್ಕೆ ಕೆತ್ತುವುದು ನನಗೆ ಇಷ್ಟ. ಎಳೆ ನಡುವಿಗೆ ಸರಿದು ಆಗಲೇ ಉತ್ತ ಜಾಗದ ಮೇಲೆ ಬೀಳುತ್ತದೆ, ಮುಳ್ಳಿಗೆ ಸಿಕ್ಕುವುದಿಲ್ಲ. ಹೊರಗಿನಿಂದ ಕೆತ್ತುವಾಗ ಮೆತ್ತನೆ ಬ್ರಷ್ ಹಿಡಿದು ನಡುಗೂಟದ ಕಡೆಗೆ ತಳ್ಳುತ್ತ ಇರಬೇಕು. ಈ ಎಳೆ ನೈಟ್ರೋಸೆಲ್ಯುಲೋಸ್, ಒಂದು ಕಿಡಿಗೆ ಭಗ್ಗೆನ್ನುತ್ತದೆ. ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲೇ ಮುಳುಗಿಸುತ್ತೇನೆ.

ಪ್ಲೇಟಿನದೇ ಈಗ ತೊಂದರೆ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದ ಮೇಲೆ ಹೊಸ ಲ್ಯಾಕರ್ ಪ್ಲೇಟಿಗೆ ಜಪಾನಿನ ಎಂಡಿಸಿ ಕಂಪನಿಯನ್ನೇ ನೆಚ್ಚಬೇಕಾಯಿತು. 1940ರ ದಶಕದ ಬಳಸದ ಪ್ಲೇಟುಗಳ ಕಟ್ಟು ಸಿಕ್ಕರೆ ಅಂಚಿನಲ್ಲಿ ಉಗುರಿನಿಂದ ಒತ್ತಿ ನೋಡಿ: ಗೀರು ಮೆತ್ತಗೆ ಬಿದ್ದರೆ ಕೆತ್ತಬಹುದು, ಚೆಕ್ಕೆ ಎದ್ದರೆ ಬಿಡಿ. ಕೆತ್ತಿದ ಪ್ಲೇಟನ್ನು ಕಾಗದದ ಚೀಲದಲ್ಲಿ ಹಾಕಿ ನೆಟ್ಟಗೆ ನಿಲ್ಲಿಸಿ, ತಣ್ಣಗಿನ ಒಣ ಕಪಾಟಿನಲ್ಲಿ ಇಡುತ್ತೇನೆ. ಕೆತ್ತಿದ ದಿನಾಂಕ, ಮುಳ್ಳಿನ ಬಗೆ, ವೇಗ, ಒಳಗಿನಿಂದಲೋ ಹೊರಗಿನಿಂದಲೋ ಎಂಬುದನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದಿಡುತ್ತೇನೆ. ಎಲ್ಲಿ ಮುಳ್ಳಿಡಬೇಕೆಂದು ಮುಂದೆ ನುಡಿಸುವವರಿಗೆ ಗೊತ್ತಾಗಬೇಕಲ್ಲ.