ಮೊದಲ ಕೈ ಪಕ್ಕದ ಮನೆಯದು: ಬೀದಿಗೊಂದು ತುರ್ತು ಯೋಜನೆ ಮಾಡಿಕೊಳ್ಳುವುದು ಹೇಗೆ?

1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಡುಗಿದಾಗ 6,400ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಮನೆಗಳಡಿಯಿಂದ ಜೀವಂತ ಹೊರಬಂದವರಲ್ಲಿ ಬಹುಪಾಲು ಮಂದಿಯನ್ನು ಎಳೆದು ತೆಗೆದವರು ಮನೆಯವರು ಮತ್ತು ಅಕ್ಕಪಕ್ಕದವರು. ರಸ್ತೆ ಕಿತ್ತುಹೋಗಿ, ಒಂದೇ ಹೊತ್ತಿಗೆ ನೂರಾರು ಕಡೆಯಿಂದ ಕರೆ ಬಂದರೆ ಯಾವ ಅಗ್ನಿಶಾಮಕ ದಳವೂ ಎಲ್ಲೆಡೆ ತಲುಪಲಾರದು. ಹಾಗಾಗಿ ಕಚೇರಿಯಲ್ಲಿ ಎಷ್ಟೇ ದಪ್ಪದ ಯೋಜನೆಯಿರಲಿ, ಮೊದಲ ಕೆಲವು ಗಂಟೆಗಳಿಗೆ ನಿಮ್ಮ ಬೀದಿಯೋ ಅಪಾರ್ಟ್‌ಮೆಂಟೋ ತನ್ನದೇ ಯೋಜನೆ ಇಟ್ಟುಕೊಂಡಿರಬೇಕು.

ಮೊದಲು ಹತ್ತು ಹದಿನೈದು ಮನೆಯವರು ಒಂದು ಸಂಜೆ ಸೇರಿ. ವಯಸ್ಸಾದವರನ್ನು ಕರೆಯದೆ ಬಿಡಬೇಡಿ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಮೋರಿ ಕಟ್ಟಿಕೊಂಡಿತ್ತು ಎಂಬುದು ನಕ್ಷೆಯಲ್ಲಿ ಸಿಗದಿದ್ದರೂ ಅವರ ನೆನಪಿನಲ್ಲಿರುತ್ತದೆ. ಇಂಡೊನೇಷ್ಯಾದ ಸಿಮೆಲುಯೆ ದ್ವೀಪದವರು 1907ರ ಸುನಾಮಿಯ ನೆನಪನ್ನು ಕಥೆ, ಜೋಗುಳಗಳಲ್ಲಿ ಮೊಮ್ಮಕ್ಕಳವರೆಗೆ ದಾಟಿಸಿಕೊಂಡು ಬಂದಿದ್ದರು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಿ. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರವಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ.

ಆ ಸಭೆಯಲ್ಲಿ ನಿಮಗೆ ನಿಜವಾಗಿ ಬಂದೊದಗಬಹುದಾದ ಎರಡು ಮೂರು ಅಪಾಯಗಳನ್ನಷ್ಟೇ ಆರಿಸಿಕೊಳ್ಳಿ. ನೆರೆ, ಬೆಂಕಿ, ಬಿಸಿಗಾಳಿ, ದಿನಗಟ್ಟಲೆ ಕರೆಂಟ್ ಹೋಗುವುದು, ಯಾವುದಾದರೂ ಸರಿ. ಎಲ್ಲದಕ್ಕೂ ಸಿದ್ಧರಾಗುತ್ತೇವೆಂದು ಹೊರಟ ಯೋಜನೆಗಳು ಸಾಮಾನ್ಯವಾಗಿ ಮೊದಲ ಸಭೆಯ ಚಹಾದ ಜೊತೆಗೇ ಮುಗಿದುಹೋಗುತ್ತವೆ.

ಯಾರಿಗೆ ಯಾರು?

ಇಡೀ ಯೋಜನೆಯ ಜೀವಾಳ ಈ ಹಂತ. ಹೆಚ್ಚಿನವರು ಅವಸರದಲ್ಲಿ ದಾಟಿಬಿಡುವುದೂ ಇದನ್ನೇ. 1995ರ ಜುಲೈನಲ್ಲಿ ಅಮೆರಿಕದ ಷಿಕಾಗೋದಲ್ಲಿ ಬೀಸಿದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಎಷ್ಟೋ ಮಂದಿ ಒಂಟಿಯಾಗಿದ್ದ ವೃದ್ಧರು. ಒಳಗೆ ಹೇಗಿದ್ದಾರೆ ಎಂದು ಬಾಗಿಲು ತಟ್ಟುವವರೇ ಇರಲಿಲ್ಲ.

‘ಮೂರನೇ ಮಹಡಿಯ ಅಜ್ಜಿಗೆ ಸಹಾಯ ಬೇಕು’ ಎಂದು ಬರೆದಿಟ್ಟರೆ ಏನೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: ಮೂರನೇ ಮಹಡಿ, ಬಲಗಡೆ ಮನೆ. ಅಜ್ಜಿಗೆ ಮೆಟ್ಟಿಲು ಇಳಿಯಲು ಆಗದು. ಕಿವಿ ಮಂದ, ಬಾಗಿಲು ಬಡಿದರೆ ಕೇಳಿಸದು. ಇನ್ನೊಂದು ಬೀಗದ ಕೈ ಎದುರುಮನೆಯಲ್ಲಿದೆ. ಆಮ್ಲಜನಕದ ಯಂತ್ರ ಕರೆಂಟ್ ಇಲ್ಲದೆ ಇಷ್ಟು ಗಂಟೆ ಓಡುತ್ತದೆ. ಕುರ್ಚಿಯಲ್ಲಿ ಕೂರಿಸಿ ಇಳಿಸುವವರು ಇಂಥ ಇಬ್ಬರು, ಅವರು ಊರಲ್ಲಿ ಇಲ್ಲದಿದ್ದರೆ ಇಂಥ ಇನ್ನಿಬ್ಬರು. ಗರ್ಭಿಣಿಯರು, ಎಳೆಮಕ್ಕಳು, ದಿನವೂ ಇನ್ಸುಲಿನ್ ಬೇಕಾದವರು, ಹೊಸದಾಗಿ ಬಂದು ಭಾಷೆ ತಿಳಿಯದವರು, ಎಲ್ಲರಿಗೂ ಇಷ್ಟೇ ವಿವರ ಬೇಕು.

ಈ ಹಾಳೆಯನ್ನು ದಯವಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಯಾರು ಒಂಟಿ, ಯಾರ ಬೀಗದ ಕೈ ಎಲ್ಲಿದೆ ಎಂಬುದು ಕಳ್ಳನಿಗೂ ಬೇಕಾದ ಮಾಹಿತಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ನಂಬಿಕಸ್ಥ ಇಬ್ಬರು ಮೂವರ ಬಳಿ ಕಾಗದದಲ್ಲೇ ಇರಲಿ. ಜೊತೆಗೆ ನಿಮ್ಮಲ್ಲಿ ನರ್ಸ್, ಎಲೆಕ್ಟ್ರಿಷಿಯನ್, ಪ್ಲಂಬರ್, ಚಾಲಕರು ಯಾರಿದ್ದಾರೆ, ಏಣಿ, ಹಗ್ಗ, ಹಾರೆ ಯಾರ ಮನೆಯಲ್ಲಿದೆ ಎಂದೂ ಬರೆದಿಡಿ.

ಗೆರೆ ಎಳೆಯುವುದು

‘ಇನ್ನೂ ಸ್ವಲ್ಪ ನೋಡೋಣ’ ಎಂಬ ಮಾತು ನೆರೆಯಲ್ಲಿ ಬಹಳ ಜೀವಗಳನ್ನು ತೆಗೆದಿದೆ. ಹೊರಡುವುದೋ ಬೇಡವೋ ಎಂಬ ಚರ್ಚೆಯನ್ನು ನೀರು ಬರುವ ಮೊದಲೇ ಮುಗಿಸಿಬಿಡಿ. ಎಲ್ಲರಿಗೂ ಕಾಣುವ ಒಂದು ಕಂಬಕ್ಕೆ ಬಣ್ಣದಲ್ಲಿ ಎರಡು ಗೆರೆ ಹಾಕಿ. ಮೊದಲನೆಯದಕ್ಕೆ ನೀರು ಮುಟ್ಟಿದರೆ ನಡೆಯಲಾಗದವರನ್ನೂ ಮಕ್ಕಳನ್ನೂ ಸಾಗಿಸುವುದು, ಎರಡನೆಯದಕ್ಕೆ ಮುಟ್ಟಿದರೆ ಉಳಿದವರೆಲ್ಲ ಹೊರಡುವುದು. ಆಮೇಲೆ ವಾದವಿಲ್ಲ. ಅಧಿಕಾರಿಗಳು ಅದಕ್ಕೂ ಮೊದಲೇ ಜಾಗ ಬಿಡಿ ಎಂದರೆ ಗೆರೆ ನೋಡುತ್ತ ಕೂರಬೇಡಿ.

ಮೇಲಿನ ಗೆರೆಯನ್ನು ತೀರಾ ಎತ್ತರಕ್ಕೆ ಹಾಕುವ ಚಪಲ ಬೇಡ. ರಭಸದಿಂದ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು, 60 ಸೆಂಟಿಮೀಟರ್ ಆದರೆ ಹೆಚ್ಚಿನ ವಾಹನಗಳು ತೇಲಿಹೋಗುತ್ತವೆ. ಹೊರಡುವ ದಾರಿ ಎರಡಿರಲಿ, ಸೇರುವ ಜಾಗ ಒಂದೇ ಇರಲಿ.

ಎಚ್ಚರಿಕೆಯನ್ನು ಮನೆಮನೆಗೆ ಒಯ್ಯುವವರೂ ಗೊತ್ತಾಗಿರಬೇಕು. ಈಗಿನ ಬಾಂಗ್ಲಾದೇಶದ ಕರಾವಳಿಯಲ್ಲಿ 1970ರ ಚಂಡಮಾರುತಕ್ಕೆ ಕನಿಷ್ಠ 3 ಲಕ್ಷ ಜನ ಸತ್ತರು. ಆಮೇಲಿನ ದಶಕಗಳಲ್ಲಿ ಮೆಗಾಫೋನ್ ಹಿಡಿದು ಹಳ್ಳಿ ಸುತ್ತುವ ಸ್ವಯಂಸೇವಕರ ಪಡೆ ಬೆಳೆಯಿತು, ಆಶ್ರಯ ಕಟ್ಟಡಗಳು ಎದ್ದವು. 2007ರಲ್ಲಿ ಸಿಡ್ರ್ ಎಂಬ ಭಾರಿ ಚಂಡಮಾರುತ ಅಪ್ಪಳಿಸಿದಾಗ ಸತ್ತವರ ಸಂಖ್ಯೆ ಸುಮಾರು 3,400. ಅದೂ ಕಡಿಮೆಯಲ್ಲ, ಆದರೆ ಮೊದಲಿನದಕ್ಕೆ ಹೋಲಿಸಿ ನೋಡಿ.

ಮನೆಯೊಳಗಿನ ಸಿದ್ಧತೆ

ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಚುಟುಕಾಗಿ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಕನಿಷ್ಠ ಮೂರು ದಿನಕ್ಕೆ. ಐದು ಜನರ ಮನೆಗೆ 60 ಲೀಟರ್. ಬೇಯಿಸದೆ ತಿನ್ನಬಹುದಾದ ಆಹಾರ, ಔಷಧ, ಟಾರ್ಚ್, ಬ್ಯಾಟರಿ ರೇಡಿಯೊ, ಪವರ್ ಬ್ಯಾಂಕ್, ಒಂದಿಷ್ಟು ನಗದು, ದಾಖಲೆಗಳ ಪ್ರತಿ. ಬೇರೆ ಊರಿನ ಒಬ್ಬ ನೆಂಟರನ್ನು ಗೊತ್ತುಮಾಡಿಕೊಂಡು, ಮನೆಯವರು ಚದುರಿದರೆ ಎಲ್ಲರೂ ಅವರಿಗೇ ಸುದ್ದಿ ಮುಟ್ಟಿಸಿ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗುತ್ತದೆ.

ಅಣಕು ಕಾರ್ಯಾಚರಣೆ

ಇದನ್ನು ಮಾಡದ ಯೋಜನೆ ಬರೀ ಕಾಗದ. ಜಪಾನಿನ ಕಮೈಶಿಯ ಶಾಲೆಗಳಲ್ಲಿ ಮಕ್ಕಳಿಗೆ ವರ್ಷಗಟ್ಟಲೆ ತಾಲೀಮು ಕೊಟ್ಟಿದ್ದರು. 2011ರ ಮಾರ್ಚ್ 11ರಂದು ಭೂಕಂಪವಾಗಿ ಸುನಾಮಿ ಬಂದಾಗ ಅವರು ದೊಡ್ಡವರ ಅಪ್ಪಣೆಗೆ ಕಾಯಲಿಲ್ಲ. ದೊಡ್ಡ ಮಕ್ಕಳು ಚಿಕ್ಕವರ ಕೈಹಿಡಿದು ಎತ್ತರಕ್ಕೆ ಓಡಿದರು, ಮೊದಲು ನಿಂತ ಜಾಗ ಸಾಲದೆನಿಸಿದಾಗ ಇನ್ನೂ ಮೇಲೆ ಹೋದರು. ಊರಿನ ಸುಮಾರು 3,000 ಶಾಲಾಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು.

ವರ್ಷಕ್ಕೆ ಎರಡು ಸಲವಾದರೂ ಮಾಡಿ. ಒಂದು ರಾತ್ರಿ ಹೊತ್ತು ಇರಲಿ, ಲಿಫ್ಟ್ ನಿಲ್ಲಿಸಿ, ದೀಪ ಆರಿಸಿ. ತಾರಸಿ ಬಾಗಿಲಿನ ಬೀಗದ ಕೈ ಕಾವಲುಗಾರನ ಜೇಬಿನಲ್ಲೇ ಊರಿಗೆ ಹೋಗಿದೆ, ಕುರ್ಚಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಬೀಳುತ್ತದೆ, ಎರಡನೇ ದಾರಿಗೆ ಯಾರೋ ಗೇಟ್ ಹಾಕಿಸಿದ್ದಾರೆ ಎಂಬುದೆಲ್ಲ ಗೊತ್ತಾಗುವುದು ಆಗಲೇ. ಸಿಕ್ಕ ತೊಡಕುಗಳನ್ನು ಅಂದೇ ಬರೆದು, ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಖು ಹಾಕಿ. ಮನೆ ಖಾಲಿ ಮಾಡಿದವರ ಹೆಸರನ್ನು ಪಟ್ಟಿಯಿಂದ ತೆಗೆದು, ಹೊಸ ಬಾಡಿಗೆದಾರರ ಬಾಗಿಲು ತಟ್ಟುವ ಕೆಲಸವನ್ನೂ ಆ ವಾರವೇ ಮುಗಿಸಿ.