ಪೊರೆ ಆಪರೇಷನ್ ಆಯ್ತು, ಇನ್ನು ಹನಿ ಹಾಕೋದು ಹೇಗೆ?

ಮಂಡ್ಯದ ನಮ್ಮ ಬೀದಿಯಲ್ಲಿ ಪೊರೆ ಆಪರೇಷನ್ ಮಾಡಿಸಿಕೊಂಡವರು ಬೇಕಾದಷ್ಟು ಜನ. ಹನಿ ಸರಿಯಾಗಿ ಹಾಕಿಸಿಕೊಂಡವರು ಮಾತ್ರ ಕಡಿಮೆ. ನಮ್ಮತ್ತೆಗೆ ಮೊದಲ ದಿನ ನಾನು ಹಾಕಿದ ಔಷಧಿ ಅರ್ಧ ಕೆನ್ನೆಗೆ, ಅರ್ಧ ಸೆರಗಿಗೆ ಹೋಯಿತು.

ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆಯುವ ಪದರ ಅಲ್ಲ. ಒಳಗಿನ ಲೆನ್ಸೇ ಮಂಜಾಗುವುದು. ನಂದಿಬಟ್ಟಲು ರಸ, ಜೇನುತುಪ್ಪ, 'ಪೊರೆ ಕರಗಿಸುವ' ಡ್ರಾಪ್ಸ್ ಯಾವುದಕ್ಕೂ ಅದು ಕರಗಲ್ಲ, ದುಡ್ಡು ದಂಡ. 'ಇನ್ನೂ ಬಲಿಯಲಿ' ಅಂತ ಕಾಯುವುದೂ ಬೇಡ. ಬಲಿತಷ್ಟೂ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟ. ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲವಾ, ಹೋಗಿ ತೋರಿಸಿ.

ಆಪರೇಷನ್ ನಿಮ್ಮ ತಲೆನೋವಲ್ಲ. ಸಾಮಾನ್ಯವಾಗಿ 2-3 ಮಿಲಿಮೀಟರ್ ಸೀಳಿನಿಂದ ಹಳೇ ಲೆನ್ಸನ್ನು ಪುಡಿಮಾಡಿ ಹೀರಿ, ಹೊಸದು ಕೂರಿಸಿ, ಅವತ್ತೇ ಮನೆಗೆ ಕಳಿಸುತ್ತಾರೆ.

ಈಗ ಹನಿ. ಸೋಪು ಹಾಕಿ ಕೈ ತೊಳೆಯಿರಿ. ಔಷಧಿ ಹಾಲಿನ ಹಾಗೆ ಬೆಳ್ಳಗಿದ್ದರೆ ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ, ಇಲ್ಲದಿದ್ದರೆ ಮದ್ದೆಲ್ಲ ತಳದಲ್ಲೇ ಉಳಿಯುತ್ತದೆ. ಕುರ್ಚಿ ಬೇಡ, ಮಲಗಿಸಿಯೇ ಹಾಕಿ. 'ಸೂರು ನೋಡಮ್ಮ' ಅನ್ನಿ. ಒಂದು ಬೆರಳಲ್ಲಿ ಕೆಳರೆಪ್ಪೆಯನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆದರೆ ಸಣ್ಣ ಜೇಬಿನಂತೆ ತೆರೆದುಕೊಳ್ಳುತ್ತದೆ. ಹನಿ ಬೀಳಬೇಕಾದ್ದು ಅಲ್ಲಿಗೆ. ಗುಡ್ಡೆಯನ್ನು ಒತ್ತಬೇಡಿ. ಸೀಸೆಯ ತುದಿ ರೆಪ್ಪೆಗೂದಲಿಗೂ ತಾಗಬಾರದು. ಒಂದೇ ಹನಿ ಸಾಕು, ಎರಡನೆಯದು ಹೇಗೂ ಹೊರಗೆ ಹರಿಯುತ್ತದೆ. ಆಮೇಲೆ ಕಣ್ಣು ಹಗುರವಾಗಿ ಮುಚ್ಚಿಕೊಳ್ಳಲಿ, ಹಿಂಡಿ ಮುಚ್ಚುವುದಲ್ಲ. ಗಂಟಲು ಕಹಿಯಾದರೆ ಗಾಬರಿ ಬೇಡ. ಕಣ್ಣಿಂದ ಮೂಗಿಗೆ ದಾರಿ ಇದೆ.

ಎರಡನೇ ಔಷಧಿಗೆ 5 ನಿಮಿಷ ಬಿಡಿ. ಧಾರಾವಾಹಿ ಶುರುವಾಯ್ತು ಅಂತ ಎರಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ, ಅಷ್ಟೇ. ಚೆನ್ನಾಗಿ ಕಾಣುತ್ತಿದೆ ಅಂತ ನೀವೇ ನಿಲ್ಲಿಸಲೂಬೇಡಿ. ಕೆಲವು ಹನಿಗಳನ್ನು ವಾರವಾರ ಕಡಿಮೆ ಮಾಡುತ್ತಾ ಬರಬೇಕು, ಚೀಟಿಯಲ್ಲಿ ಹಾಗೇ ಬರೆದಿರುತ್ತದೆ. ನಾನು ಕ್ಯಾಲೆಂಡರಿನ ಮೇಲೇ ಗೀಟು ಹಾಕುತ್ತಿದ್ದೆ. ಪಕ್ಕದ ಮನೆಯವರು ಉಳಿಸಿಟ್ಟ ಸೀಸೆ ಖಂಡಿತ ಬೇಡ.

ಡಾಕ್ಟರ್ ಸರಿ ಅನ್ನುವವರೆಗೆ ತಲೆಗೆ ನೀರು ಬೇಡ. ಒಲೆಯ ಹೊಗೆ, ಆಲೆಮನೆ ಕಡೆ ಸುಳಿಯುವುದೂ ಬೇಡ.

ನೋವು ಜಾಸ್ತಿಯಾಯಿತಾ, ಕಣ್ಣು ಕೆಂಪಗಾಯಿತಾ, ಕಾಣುತ್ತಿದ್ದದ್ದು ಮಸುಕಾಯಿತಾ? ರಾತ್ರಿಯಾದರೂ ಅವತ್ತೇ ಹೊರಡಿ. ಚೀಟಿ, ಸೀಸೆ ಎರಡೂ ಚೀಲದಲ್ಲಿರಲಿ.